ವಿಮಾನದ ಮೂಗಿಗೆ ಮೆತ್ತಿದ ಕಣಕ

ವಿಮಾನದ ಮೂಗನ್ನು ಎಂದಾದರೂ ಕೈಯಿಂದ ಮುಟ್ಟಿ ನೋಡಿದ್ದೀರಾ? ಇಲ್ಲ ತಾನೆ? ಹಾಗಾದರೆ ಸುಮ್ಮನೆ ಕೂತು ಕೇಳಿ. ಗೋಕಾಕದ ಈ ಮುದುಕಿ ಮುಟ್ಟಿದ್ದಾಳೆ, ಅದೂ ಹಿಟ್ಟಿನ ಕೈಯಿಂದ. ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ ಮೇಲೆ ನಾನು ಮೊದಲು ಬರೆಯಬೇಕೆಂದುಕೊಂಡದ್ದು ಇದನ್ನೇ. ಯಾಕೆಂದರೆ ನನ್ನ ಅಣ್ಣ ಇದೇ ಕಥೆಯನ್ನು ಊರ ತುಂಬ ತನಗೆ ಬೇಕಾದಂತೆ ಹೇಳಿಕೊಂಡು ತಿರುಗುತ್ತಾನೆ.

ತೊಂಬತ್ತರ ದಶಕದ ಮಾತು. ನನ್ನ ಗಂಡ ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿ ಬಂದವರು. ಹುಕ್ಕೇರಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಮಾಲಕರ ಹತ್ತಿರ ನಾಲ್ಕು ಸೀಟಿನ ಹಳೆಯ ವಿಮಾನವಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಇವರಿಗೆ ಸಿಕ್ಕಿತು. ಅದನ್ನು ಶೆಡ್ಡಿನಿಂದ ಹೊರಗೆ ಎಳೆಯುವುದು, ಇಳಿದ ಮೇಲೆ ಮತ್ತೆ ಒಳಗೆ ತರುವುದು ನನ್ನ ಅಣ್ಣನ ಕೆಲಸ. ಅವನು ಅದೇ ಕಾರ್ಖಾನೆಯ ಟ್ರ್ಯಾಕ್ಟರ್ ಡ್ರೈವರ್. ಮೇಲವಂಕಿಯ ಎಂಥ ಇಕ್ಕಟ್ಟಿನ ಹೊಲದ ದಾರಿಯಲ್ಲೂ ಕಬ್ಬು ತುಂಬಿದ ಎರಡು ಟ್ರಾಲಿಗಳನ್ನು ಒಂದೇ ಸಲಕ್ಕೆ ತಿರುಗಿಸುತ್ತೇನೆ ಎಂಬ ಸೊಕ್ಕು ಅವನಿಗೆ. ಇವರಿಗೋ ನಟ್ಟು ಬಿಚ್ಚುವ ಪಾನಾ ಹಿಡಿದ ಕೈಯ ಸೊಕ್ಕು. ಇಬ್ಬರು ಸೊಕ್ಕಿನವರ ನಡುವೆ ನನ್ನ ಮಗಳ ಲಗ್ನ. ಅವಳನ್ನು ಅಣ್ಣನ ಮಗನಿಗೆ ಕೊಡುವುದೆಂದು ನಿಶ್ಚಯದ ಸಾಕರಪುಡಾ ಆಗಿ, ಅತ್ತಿಗೆ ಹಸಿರು ಸೀರೆ ಕೊಟ್ಟು ಹೋಗಿದ್ದಳು. ಹುಡುಗಿಗೂ ಹುಡುಗ ಮನಸ್ಸಿಗೆ ಬಂದಿದ್ದ.

ಜಗಳ ಹತ್ತಿದ್ದು ವಿಮಾನದ ಮೂಗಿನ ಕೆಳಗಿನ ಗಾಲಿಯಿಂದ. ಇಳಿಯುವಾಗ ಅದು ಚಳಿಜ್ವರ ಬಂದವರಂತೆ ಗಡಗಡ ನಡುಗತೊಡಗಿತು. ಇವರು ಬಾಲಕ್ಕೆ ಮರಳಿನ ಚೀಲ ಕಟ್ಟಿ, ಮೂಗನ್ನು ಮೇಲೆತ್ತಿಸಿ, ಗಾಲಿಯ ಕಾಲು ಬಿಚ್ಚಿದರು. ಆ ಕಾಲಿಗೆ ಕತ್ತರಿಯಂತೆ ಮಡಚುವ ಎರಡು ತೋಳುಗಳು. ಅವು ಕೂಡುವಲ್ಲಿ ಉಂಗುರದಷ್ಟು ಸಣ್ಣ ಬುಶ್. ಅದು ಸವೆದು ಸಡಿಲಾಗಿತ್ತು. ಪುಣೆಯಿಂದ ಹೊಸ ಬುಶ್, ಹೊಸ ಬೋಲ್ಟು ತರಿಸಿ ಹಾಕಿ, ಗ್ರೀಸ್ ತುಂಬಿದರು.

"ಇದಕ್ಕ ಜಿಡ್ಡು ಸಿಗ್ತಾ ಇದ್ರ ಸವಿಯಂಗಿಲ್ಲ ನೋಡ," ಎಂದು ನನಗೂ ತೋರಿಸಿದ್ದರು. ಮಳೆಗಾಲ ಮುಗಿಯುವುದರೊಳಗೆ ಗಾಲಿ ಮತ್ತೆ ನಡುಗಿತು.

ಮಂದಿಯ ಎದುರಿಗೇ ಇವರು ಅಣ್ಣನಿಗೆ ಅಂದರು: "ಬೀಗರ, ನೀವು ಇದನ್ನ ಕಬ್ಬಿನ ಟ್ರಾಲಿ ತಿರಿವಿದಂಗ ತಿರಿವ್ತೀರಿ. ಕಾಲಿನ ಮ್ಯಾಲಿನ ಕೆಂಪು ಗೆರಿ ದಾಟಿ ಗಾಲಿ ತಿರಗಬಾರದು. ದಾಟಿದ್ರ ತೋಳು ತಿರಚತಾವ, ಬುಶ್ ಹಾಳಾಗತೈತಿ. ಎಷ್ಟ ಸಲ ಹೇಳ್ಬೇಕ್ರಿ?"

"ನಾ ಗೆರಿ ದಾಟಿಲ್ರಿ ಬೀಗರ," ಅಂದ ಅಣ್ಣ. "ನಿಮ್ಮ ಪುಣೆದ ಬುಶ್ಶಿಗಿಂತ ಯಮಕನಮರಡಿ ಲೇತಿನ ಅಂಗಡ್ಯಾಗ ಮಾಡಿಸಿದ್ದ ಗಟ್ಟಿ ಬರ್ತಿತ್ತು. ಹಾಕೂ ಕೈನ ನೆಟ್ಟಗಿಲ್ಲ, ನನಗೇನ್ ಬೈತೀರಿ?"

ಮಾಲಕರು ಇಬ್ಬರನ್ನೂ ನಿಲ್ಲಿಸಿ, ಇನ್ನೊಮ್ಮೆ ನಡುಗಿದರೆ ನಿಮ್ಮಲ್ಲಿ ಒಬ್ಬರು ಮನೆಗೆ ಎಂದುಬಿಟ್ಟರು.

ಅಂದು ಸಂಜೆ ಅಣ್ಣ ನಮ್ಮ ಮನೆಗೆ ಬಂದ. ಚಹಾ ಮುಟ್ಟಲಿಲ್ಲ. ಹೊಸ್ತಿಲಲ್ಲೇ ನಿಂತು ಅಂದ: "ತಂಗೆವ್ವಾ, ನಿನ್ನ ಗಂಡ ಮಂದ್ಯಾಗ ನನ್ನ ಮ್ಯಾಲ ತಪ್ಪ ಹೊರಿಸ್ಯಾನ. ತಪ್ಪಾತು ಅನ್ನಲಿ. ಇಲ್ಲಂದ್ರ ಸೀರಿ ವಾಪಸ್ ಕಳಸ."

ಇವರು ಒಳಗಿನಿಂದಲೇ ಕೂಗಿದರು: "ಸೀರಿ ಗಂಟ ಕಟ್ಟ!"

ಎರಡೂ ಎತ್ತುಗಳೇ ಎಂದುಕೊಂಡೆ. ಎತ್ತಿಗಾದರೂ ಮೂಗುದಾರ ಇರುತ್ತದೆ.

ಇವರನ್ನು ಕೇಳಿ ಪ್ರಯೋಜನವಿರಲಿಲ್ಲ. ಇವರು ಮತ್ತೆ ಹೊಸ ಬುಶ್ ಹಾಕಿದ ಮರುದಿನ ಶೆಡ್ಡಿಗೆ ಬುತ್ತಿ ಒಯ್ದೆ. ಆ ದಿನ ಹಾರಾಟ ಇರಲಿಲ್ಲ, ತೊಳೆಯಲೆಂದು ವಿಮಾನವನ್ನು ಹೊರಗೆ ಎಳೆಯುವುದಷ್ಟೇ ಇತ್ತು. ಇವರು ಕೈ ತೊಳೆಯಲು ಹೋದಾಗ, ಸೆರಗಿನಲ್ಲಿ ಮುಚ್ಚಿ ತಂದಿದ್ದ ಗೋಧಿ ಕಣಕದ ಎರಡು ಗೋಲಿಗಳನ್ನು ಮೂಗಿನ ಕಾಲಿನ ಎಡಕ್ಕೊಂದು ಬಲಕ್ಕೊಂದು, ಕೆಂಪು ಗೆರೆಯ ಆಚೆಗಿನ ಸಂದಿಯಲ್ಲಿ ಮೆತ್ತಿದೆ. ಗೆರೆಯ ಒಳಗೇ ತಿರುಗಿಸಿದರೆ ಅವು ಗುಂಡಗೇ ಉಳಿಯಬೇಕು.

ಅಣ್ಣ ಬಂದ, ಕೊಂಡಿ ಸಿಕ್ಕಿಸಿದ, ಒಂದೇ ಸಲಕ್ಕೆ ತಿರುಗಿಸಿ ವಿಮಾನವನ್ನು ನೀರಿನ ಟಾಕಿಯ ಬಾಜೂ ತಂದು ನಿಲ್ಲಿಸಿದ. ಇಳಿದು ಮೀಸೆಯ ಮೇಲೆ ಕೈಯಾಡಿಸಿದ. ನಾನು ಬಗ್ಗಿ ನೋಡಿದೆ. ಬಲಗಡೆಯ ಗೋಲಿ ಗುಂಡಗಿತ್ತು. ಎಡಗಡೆಯದು ಹಪ್ಪಳವಾಗಿತ್ತು.

ಅದನ್ನು ಉಗುರಿನಿಂದ ಎಬ್ಬಿಸಿ, ಅಂಗೈಯಲ್ಲಿಟ್ಟು, ಎಲ್ಲರ ಎದುರು ಅವನ ಮುಖಕ್ಕೆ ಹಿಡಿದೆ. ಮಾಲಕರೂ ಅಲ್ಲೇ ಇದ್ದರು.

"ಅಣ್ಣಾ, ನೀ ಗೆರಿ ದಾಟಿ ಲಟ್ಟಿಸಿದ ಹಪ್ಪಳ. ಸಪ್ಪಗ ಐತಿ, ಉಪ್ಪ ಹಚ್ಚಿ ಕೊಡ್ಲೇನು?"

ಮೆಲ್ಲಗೆ ಹೇಳಬಹುದಿತ್ತು ಎಂದು ನನ್ನ ಮಗಳು ಈಗಲೂ ಅನ್ನುತ್ತಾಳೆ. ಯಾಕೆ ಮೆಲ್ಲಗೆ? ನನ್ನ ಗಂಡನ ಕೈ ನೆಟ್ಟಗಿಲ್ಲ ಎಂದು ಅವನು ಮೆಲ್ಲಗೆ ಹೇಳಿದ್ದನೇ?

ಮಾಲಕರು ಅವನನ್ನು ಮನೆಗೆ ಕಳಿಸಲಿಲ್ಲ, ವಿಮಾನದಿಂದ ಬಿಡಿಸಿ ಕಬ್ಬಿನ ಟ್ರಾಲಿಗೆ ಹಾಕಿದರು. ಮೂಗಿನ ಗಾಲಿ ಆಮೇಲೆ ನಡುಗಲಿಲ್ಲ. ಅಣ್ಣನ ಮಗ ಮೂಡಲಗಿಯ ಹುಡುಗಿಯನ್ನು ಮಾಡಿಕೊಂಡ. ನನ್ನ ಮಗಳು ಹಸಿರು ಸೀರೆಯನ್ನು ನೀಟಾಗಿ ಮಡಿಚಿ ನನ್ನ ಕೈಗೆ ಕೊಟ್ಟು, "ಹಪ್ಪಳ ಕೊಟ್ಟಾಕಿ ನೀನ, ಇದನ್ನೂ ನೀನ ಕೊಟ್ಟ ಬಾ," ಎಂದಳು. ಕೊಡಲು ಹೋದಾಗ ಅತ್ತಿಗೆ ನೀರು ಬೇಕೇ ಎಂದೂ ಕೇಳಲಿಲ್ಲ.

ಮುಂದೆ ಮಗಳನ್ನು ಹುಕ್ಕೇರಿಗೆ ಕೊಟ್ಟೆವು. ಅವಳ ಲಗ್ನದ ಅಕ್ಕಿಕಾಳಿಗೆ ಸೋದರಮಾವ ಬರಲಿಲ್ಲ. ಮಾಲಕರು ವಿಮಾನವನ್ನೂ ಮಾರಿದರು. ಆದರೆ ಅಣ್ಣ ಸಂತೆಯಲ್ಲಿ ಸಿಕ್ಕಾಗಲೆಲ್ಲ "ಹಪ್ಪಳ ಬೇಕೇನೋ ಅಣ್ಣಾ?" ಎಂದು ಕೇಳದೆ ನಾನು ಬಿಟ್ಟವಳಲ್ಲ. ಅವನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಈಗ ನನಗೆ ಮೊಬೈಲ್ ಕಲಿಸಿದಳಲ್ಲ, ಆ ಮೊಮ್ಮಗಳು ಹುಟ್ಟಿದಾಗ ಅವಳ ತೊಟ್ಟಿಲ ಕಾರ್ಯಕ್ಕೆ ಕರೆಯಲೆಂದು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಅಡ್ಡಗಟ್ಟಿದೆ. ಬರುವುದಿಲ್ಲ ಎಂದ. ನನಗೂ ಉರಿಯಿತು.

"ವಿಮಾನದ ಬುಶ್ ಸೈತ ಸವದು ಹೋಗತೈತಿ. ನಿನ್ನ ಸಿಟ್ಟ ಯಾಕ ಸವೀವಲ್ದೋ?"

ಅವನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದ.

"ಸಂತಿಗೊಮ್ಮಿ ನೀನ ಬಂದು ಜಿಡ್ಡ ಹಚ್ಚಿ ಹೋಗ್ತಿ. ಹೆಂಗ ಸವೀಬೇಕ ಅದು?"