ಬಾಳೆನಾರು ಕಟ್ಟಿದ ಸ್ಟ್ಯಾಂಡು

ನಮ್ಮಪ್ಪನ ಬೈಕಿಗೆ ಎಷ್ಟು ವರ್ಷವಾಯಿತೆಂದು ಯಾರಾದರೂ ಕೇಳಿದರೆ ಅವರು ನನ್ನ ವಯಸ್ಸಿನಲ್ಲಿ ನಾಲ್ಕು ಕಳೆದು ಹೇಳುತ್ತಾರೆ. ಅಂದಿನಿಂದ ಅದರಿಂದ ಕಳಚಿ ಬಿದ್ದದ್ದೆಲ್ಲ ಉಡಿಗಾಲದ ನಮ್ಮ ಹಿತ್ತಲಿನಲ್ಲೇ ಮತ್ತೆ ಸೇರಿಕೊಂಡಿದೆ. ಬಲಗಡೆಯ ಕನ್ನಡಿ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ನಿಂತಿದೆ. ನಂಬರ್ ಪ್ಲೇಟು ಬೇಲಿ ತಂತಿಯ ಹಿಡಿತದಲ್ಲಿದೆ. ಚೈನ್ ಕವರ್ ಗಡಗಡ ಅನ್ನದಿರಲೆಂದು ಅದರ ಸಂದಿಗೆ ಅಮ್ಮನ ಹಳೆ ಚಪ್ಪಲಿಯ ಒಂದು ತುಂಡು ತುರುಕಿದ್ದಾರೆ. ಮೆಕ್ಯಾನಿಕ್ ಅಂಗಡಿಯ ಮುಂದೆ ನಿಲ್ಲುವುದೆಂದರೆ ಸೋಲು ಒಪ್ಪಿಕೊಂಡ ಹಾಗೆ ಎಂಬುದು ಅಪ್ಪನ ನಂಬಿಕೆ.

ಕಳೆದ ವರ್ಷ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಮುರಿಯಿತು. ಸ್ಪ್ರಿಂಗ್ ಇಲ್ಲದ ಸ್ಟ್ಯಾಂಡು ಮೇಲೆ ನಿಲ್ಲುವುದಿಲ್ಲ, ಜೋಲಿ ಹೊಡೆಯುತ್ತ ಕೆಳಗೆ ಇಳಿಯುತ್ತದೆ. ನಮ್ಮದು ಬಾಳೆ ತೋಟ. ಅಪ್ಪ ಹಸಿ ಬಾಳೆಪಟ್ಟೆಯನ್ನು ಉದ್ದಕ್ಕೆ ಸೀಳಿ, ಸ್ಟ್ಯಾಂಡನ್ನು ಮೇಲೆತ್ತಿ ಹಿಂದಿನ ಸೀರೆ ಗಾರ್ಡಿಗೆ ಬಿಗಿದು ಕಟ್ಟಿದರು. ಬೈಕ್ ನಿಲ್ಲಿಸಬೇಕಾದಾಗ ನಡುವಿನ ದೊಡ್ಡ ಸ್ಟ್ಯಾಂಡ್ ಹಾಕುವುದು. ನಾರು ಒಣಗುತ್ತದೆಂದು ಮೂರು ದಿನಕ್ಕೊಮ್ಮೆ ಹೊಸದು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಎಡಕ್ಕೆ ವಾಲುವಾಗ ಆ ಸ್ಟ್ಯಾಂಡು ನೆಲಕ್ಕೆ ತಾಗಿದರೆ ಬೈಕ್ ಎತ್ತಿ ಎಸೆಯುತ್ತದೆಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅಪ್ಪ ಚಿತ್ರವನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ನೀ ಬರ್ದಿರೋ ಬೈಕ್ಗೆ ನಾರೇ ಕಟ್ಟಿಲ್ವಲ್ಲಮ್ಮಿ. ಅದುಕ್ಕೆ ಬೀಳ್ತದ."

ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಹಂಗಳದಲ್ಲಿ ಚಿಕ್ಕಮ್ಮನ ಮೊಮ್ಮಗುವಿಗೆ ಹೆಸರಿಡುವ ಭಾನುವಾರ ನಾವು ಬೆಳಿಗ್ಗೆಯೇ ಹೊರಟೆವು. ಅಪ್ಪನ ಹಿಂದೆ ಅಮ್ಮ, ಎಂದಿನಂತೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ತೊಡೆಯ ಮೇಲೆ ಕಜ್ಜಾಯದ ಡಬ್ಬಿ ಇಟ್ಟುಕೊಂಡು. ಅವರ ಹಿಂದೆ ನನ್ನ ಸ್ಕೂಟರ್. ತೆರಕಣಾಂಬಿಯಲ್ಲಿ ಟೀ ಕುಡಿಯಲು ನಿಂತೆವು. ಅಪ್ಪ ಅಂಗಡಿಯವನಿಗೆ ತಮ್ಮ ನಾರಿನ ಕೆಲಸ ಕುರಿತು ಹೇಳುತ್ತಿದ್ದರು. ಬೈಕಿನ ಹತ್ತಿರ ಒಂದು ಕಪ್ಪು ಆಡು ನಿಂತಿತ್ತು. ಅದರ ಬಾಯಿ ಆಡುತ್ತಲೇ ಇತ್ತು. ಆಡಿನ ಬಾಯಿ ಯಾವಾಗ ಸುಮ್ಮನಿರುತ್ತದೆ ಎಂದುಕೊಂಡು ನಾನು ಟೀ ಮುಗಿಸಿದೆ.

ಗುಂಡ್ಲುಪೇಟೆ ಇನ್ನೇನು ಬಂತು ಅನ್ನುವಾಗ ನನಗೆ ಕಂಡಿತು. ಸೀರೆ ಗಾರ್ಡಿನಲ್ಲಿ ಹಸಿರು ಗಂಟು ಇರಲಿಲ್ಲ. ಸ್ಟ್ಯಾಂಡು ಅಮ್ಮನ ಪಾದದ ಹತ್ತಿರ ಸಣ್ಣಗೆ ಅಲುಗುತ್ತಿತ್ತು. ಮುಂದೆ ಊಟಿ ರಸ್ತೆಗೆ ಎಡ ತಿರುವು. ಇಷ್ಟು ದಿನ ಕಾಗದದ ಮೇಲಿದ್ದ ಚಿತ್ರ ನನ್ನ ಕಣ್ಣ ಮುಂದೆಯೇ ಓಡುತ್ತಿತ್ತು, ಅದರ ಮೇಲೆ ಅಮ್ಮ ಕೂತಿದ್ದರು.

ಹಾರ್ನ್ ಒತ್ತಿದೆ. ನಾನು ಮುಂದೆ ಹೋಗಲು ದಾರಿ ಕೇಳುತ್ತಿದ್ದೇನೆಂದು ತಿಳಿದು ಅಪ್ಪ ಕೈ ಬೀಸಿ ಹೋಗು ಅಂದರು. ಪಕ್ಕಕ್ಕೆ ಹೋಗೋಣವೆಂದರೆ ಎದುರಿಗೆ ಸಾಲಾಗಿ ಬಸ್ಸು, ಆಟೋ. ಮತ್ತೆ ಒತ್ತಿದೆ, ಬಿಡದೆ ಒತ್ತಿದೆ. ಈ ಸಲ ಅಮ್ಮ ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದರು, ನಕ್ಕು ಕೈ ಎತ್ತಿದರು. ಅದೇ ಗಳಿಗೆಯಲ್ಲಿ ಸ್ಟ್ಯಾಂಡು ಪೂರಾ ಕೆಳಗಿಳಿಯಿತು. ಅದೇ ಗಳಿಗೆಯಲ್ಲಿ ಅಪ್ಪ ಎಡಕ್ಕೆ ವಾಲಿಸಿದರು.

ಕರ್ರ್ ಎಂಬ ಆ ಸದ್ದು ಈಗಲೂ ಕೆಲವೊಮ್ಮೆ ಪಾಠ ಮಾಡುವಾಗ ಕೇಳುತ್ತದೆ, ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೆ ನಿಂತುಬಿಡುತ್ತದೆ. ನೆಲದಿಂದ ಕಿಡಿ ಹಾರಿತು. ಬೈಕ್ ಕುಪ್ಪಳಿಸಿ, ತಿರುಗಬೇಕಾದ್ದು ತಿರುಗದೆ ನೆಟ್ಟಗೆ ಒಂದು ತರಕಾರಿ ಲಾರಿಯ ಮೂತಿಗೆ ಹೊರಟಿತು. ಲಾರಿ ಬ್ರೇಕ್ ಹಾಕಿತು. ಆಗ ಅಮ್ಮನ ಬಲಗಾಲು ಮುಂದಕ್ಕೆ ಚಾಚಿ ಸ್ಟ್ಯಾಂಡಿನ ಕೆಳಗೆ ತೂರಿ ಅದನ್ನು ಮೇಲೆತ್ತಿತು. ಹೊಸ್ತಿಲ ಮೇಲಿನ ಕಸವನ್ನು ಕಾಲಲ್ಲಿ ಸರಿಸಿದಷ್ಟು ಸಲೀಸಾಗಿ. ಬೈಕ್ ವಾಲಿತು, ತಿರುಗಿತು, ಊಟಿ ರಸ್ತೆಯ ಅಂಚಿನಲ್ಲಿ ನಿಂತಿತು. ಲಾರಿಯವನು ಮಲಯಾಳದಲ್ಲಿ ಏನೋ ಅಂದ. ಬೈಗುಳವೆಂದು ತಿಳಿಯಲು ಭಾಷೆ ಬರಬೇಕಿರಲಿಲ್ಲ. ಅಮ್ಮ ಅವನಿಗೂ ಕೈ ಎತ್ತಿದರು.

ನಾನು ಸ್ಕೂಟರ್ ನಿಲ್ಲಿಸಿ ಇಳಿದವಳು ಅಲ್ಲೇ ಕಲ್ಲಿನ ಮೇಲೆ ಕೂತೆ. ಅಮ್ಮನ ಚಪ್ಪಲಿಯ ಪಟ್ಟಿ ಹರಿದದ್ದು ಬಿಟ್ಟರೆ ಇಬ್ಬರಿಗೂ ಏನೂ ಆಗಿರಲಿಲ್ಲ. ಕಜ್ಜಾಯದ ಡಬ್ಬಿಯ ಮುಚ್ಚಳವೂ ಅಲುಗಿರಲಿಲ್ಲ. ಅಪ್ಪ ಬಗ್ಗಿ ಸೀರೆ ಗಾರ್ಡ್ ತಡವಿ, ಅಗಿದ ನಾರಿನ ತುದಿಯೊಂದನ್ನು ಹಿಡಿದು ನೋಡಿದರು. ಆಡಿನ ವಿಷಯ ಹೇಳಿದೆ. ಹಾರ್ನ್ ಹೊಡೆದು ನಾನೇ ಎಚ್ಚರಿಸಿದ್ದು ಎಂದೂ ಹೇಳಿದೆ.

"ನೀ ಹಾರ್ನ್ ಹೊಡ್ದಿದ್ಕೇ ಕಣಮ್ಮಿ ಇಷ್ಟೆಲ್ಲ ಆದದ್ದು," ಅಂದರು ಅಮ್ಮ. "ತೆರಕಣಾಂಬಿಯಿಂದ ಕಾಲಲ್ಲಿ ಇಡ್ಕಂಡೇ ಬತ್ತಾ ಇದ್ದೆ. ಏನ್ ಆಯ್ತೋ ಅಂತ ನಿನ್ ಕಡೆ ತಿರುಗ್ದೆ, ಕಾಲು ತಪ್ಪೋಯ್ತು."

ಅಪ್ಪ ತಲೆ ಎತ್ತಿದರು. ತೆರಕಣಾಂಬಿಯಿಂದ ಮಾತ್ರವೇ ಎಂದು ಮೆಲ್ಲಗೆ ಕೇಳಿದರು.

ಎರಡು ತಿಂಗಳಿಂದ ಎಂದರು ಅಮ್ಮ. ನಾರು ಬಿಸಿಲಿಗೆ ಒಣಗಿ ಅರ್ಧ ದಾರಿಗೇ ಸಡಿಲವಾಗುತ್ತಿತ್ತಂತೆ. ಚಾಮರಾಜನಗರದ ಸಂತೆಗೆ, ಬ್ಯಾಂಕಿಗೆ, ಮದುವೆಗಳಿಗೆ, ಎಲ್ಲಿಗೆ ಹೋದರೂ ಸ್ಟ್ಯಾಂಡು ಅವರ ಪಾದದ ಮೇಲೆಯೇ ಸವಾರಿ ಮಾಡಿತ್ತು.

"ಮೊದ್ಲೇ ಹೇಳೋದಲ್ವಾ?" ಅಂದರು ಅಪ್ಪ.

"ಹೇಳುದ್ರೆ ಯಾನ ಮಾಡ್ತಿದ್ರಿ? ಇನ್ನೊಂದು ಗಂಟು ಆಕ್ತಿದ್ರಿ."

ಅಪ್ಪ ಬೈಕ್ ತಳ್ಳಿಕೊಂಡು ರಸ್ತೆಯಾಚೆಯ ಮೆಕ್ಯಾನಿಕ್ ಅಂಗಡಿಗೆ ಹೋದರು. ಸ್ಪ್ರಿಂಗ್ ಹಾಕಲು ಅವನಿಗೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕನ್ನಡಿಯನ್ನೂ ಬಿಗಿ ಮಾಡಲೇ ಎಂದು ಕೇಳಿದ. ಅಪ್ಪ ಕನ್ನಡಿಗೆ ಕೈ ಅಡ್ಡ ಹಿಡಿದು, ಅದು ಚೆನ್ನಾಗಿದೆ, ಮುಟ್ಟಬೇಡ ಅಂದರು. ಹಂಗಳಕ್ಕೆ ನಾವು ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು. ತಡವಾದದ್ದಕ್ಕೆ ಅಪ್ಪ ಎಲ್ಲರಿಗೂ ಆಡಿನ ಕಥೆ ಹೇಳಿದರು. ಅಮ್ಮನ ಕಾಲಿನ ಕಥೆಯನ್ನು ಅಮ್ಮನೂ ಹೇಳಲಿಲ್ಲ.

ಈಗ ಸ್ಪ್ರಿಂಗ್ ಗಟ್ಟಿಯಾಗಿದೆ. ಆದರೂ ಅವರಿಬ್ಬರ ಹಿಂದೆ ಹೋಗುವಾಗ ನೋಡುತ್ತೇನೆ, ಎಡ ತಿರುವು ಬಂದಾಗಲೆಲ್ಲ ಅಮ್ಮನ ಬಲಗಾಲು ತಾನಾಗಿಯೇ ಮುಂದೆ ಚಾಚುತ್ತದೆ. ಆ ಕಾಲು ಹಿಂದಕ್ಕೆ ಬರುವವರೆಗೆ ನಾನು ಹಾರ್ನಿನ ಹತ್ತಿರ ಬೆರಳನ್ನೂ ಒಯ್ಯುವುದಿಲ್ಲ.