ಶಾರದಾ ಅವರ ಫುಲ್‌ಫ್ರೇಮ್ ಕ್ಯಾಮೆರಾ

ದೆಹಲಿಯ ನಮ್ಮ ಲೋಧಿ ಕಾಲೋನಿಯ ಕನ್ನಡದವರಲ್ಲಿ ಯಾರನ್ನು ಕೇಳಿದರೂ ಶಾರದಾ ಅವರ ಬಗ್ಗೆ ಮೊದಲು ಹೇಳುವುದು ಅವರು ತೆಗೆಯುವ ಫೋಟೋಗಳ ಮಾತು. ಆಮೇಲೆ ದನಿ ತಗ್ಗಿಸಿ, ಗಂಡ ಇಲ್ಲದವರು ಪಾಪ ಎನ್ನುತ್ತಾರೆ. ಈ ಎರಡಕ್ಕೂ ಒಂದಕ್ಕೊಂದು ನಂಟಿದೆ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಹೇಳದೆ ಇದ್ದುದರ ಫಲ ಏನಾಯಿತು ಎಂಬುದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ಗಂಡ ತೀರಿಕೊಂಡಾಗ ಅವರಿಗೆ ಮೂವತ್ತಾರು ವರ್ಷ. ಗಂಡ ಇದ್ದ ಸಚಿವಾಲಯದಲ್ಲೇ ಅನುಕಂಪದ ಆಧಾರದ ಮೇಲೆ ಗುಮಾಸ್ತೆಯ ಕೆಲಸ ಸಿಕ್ಕಿತು. ಅಲ್ಲಿ ಸೆಕ್ಷನ್ ಆಫೀಸರ್ ನಾನು, ಹೆಸರು ದಕ್ಷಿಣಾಮೂರ್ತಿ. ಮನೆಯೂ ಅಕ್ಕಪಕ್ಕ. ಶಾರದಾ ಕ್ಯಾಮೆರಾ ಹಿಡಿದದ್ದು ಕೆಲಸಕ್ಕೆ ಸೇರಿದ ಮೇಲೆ. ಅಡುಗೆಮನೆಯ ಕಿಟಕಿಯಾಚೆ ಇರುವ ಬೇವಿನ ಮರದ ಗಿಳಿಗಳನ್ನು ತೆಗೆದು ತೆಗೆದೇ ಕೈ ಪಳಗಿತು. ಸಣ್ಣ ಸೆನ್ಸರಿನ, ಎಂದರೆ ಬೆಳಕು ಹಿಡಿಯುವ ಒಳಫಲಕ ಚಿಕ್ಕದಿರುವ, ಸಾಧಾರಣ ಕ್ಯಾಮೆರಾ, ಅದಕ್ಕೊಂದು ಉದ್ದನೆಯ ಲೆನ್ಸು. ಕ್ರಾಪ್ ಸೆನ್ಸರ್ ಎನ್ನುವುದು ಇದನ್ನೇ. ಲೆನ್ಸು ತಂದುಕೊಡುವ ಚಿತ್ರದ ಅಂಚನ್ನು ಬಿಟ್ಟು ನಡುಭಾಗವನ್ನಷ್ಟೇ ಅದು ಹಿಡಿಯುತ್ತದೆ. ಹಾಗಾಗಿ ದೂರದ ಗಿಳಿ ಇನ್ನಷ್ಟು ಹತ್ತಿರ ಬಂದು ಕೂತ ಹಾಗೆ ಕಾಣುತ್ತದೆ.

ಗಿಳಿಯಿಂದ ಮದುವೆಗೆ ಬಂದರು. ದೆಹಲಿಯ ನಮ್ಮ ಜನರ ಮದುವೆ, ನಾಮಕರಣ, ಸೀಮಂತ, ಯಾವುದಕ್ಕೆ ಕರೆದರೂ ಹೋಗುತ್ತಿದ್ದರು. ಸಭಾಂಗಣದ ಕೊನೆಯ ಸಾಲಿನ ಪಕ್ಕ, ಗೋಡೆಗೆ ಒರಗಿ ನಿಂತು ಆ ಉದ್ದ ಲೆನ್ಸಿನಿಂದ ಮದುಮಗಳ ರೆಪ್ಪೆಯ ನೀರನ್ನೂ ಹಿಡಿಯುತ್ತಿದ್ದರು. 'ಎಷ್ಟು ಸಹಜವಾಗಿದೆ, ನೀವು ತೆಗೆದದ್ದೇ ಗೊತ್ತಾಗಲಿಲ್ಲ' ಎಂದು ಎಲ್ಲರೂ ಹೊಗಳುವವರೇ. ಮಂಟಪದ ಹತ್ತಿರ ಗಂಡ ಸತ್ತ ಹೆಂಗಸು ಸುಳಿಯಬಾರದು, ಅದಕ್ಕೇ ಅವರು ಅಷ್ಟು ದೂರ ನಿಲ್ಲುತ್ತಾರೆ ಎಂಬುದು ಹೊಗಳುವವರಿಗೆಲ್ಲ ಗೊತ್ತಿತ್ತು. ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ 'ದೂರದಿಂದ ನೋಡುವ ಕಲೆ' ಎಂದು ನಾನೇ ಒಂದು ಲೇಖನ ಬರೆದಿದ್ದೆ. ಈಗ ಆ ಸಂಚಿಕೆ ಕಣ್ಣಿಗೆ ಬಿದ್ದರೆ ಹರಿದು ಹಾಕಬೇಕು ಎನಿಸುತ್ತದೆ.

ಹೋದ ಚಳಿಗಾಲದಲ್ಲಿ ಪೀತಮ್‌ಪುರದ ಸಂಕಪ್ಪನವರ ಮಗಳು ರಶ್ಮಿತಾಳ ಮದುವೆ ಗೊತ್ತಾಯಿತು. ಸಂಕಪ್ಪ ಮಂಗಳೂರು ಕಡೆಯವರು, ಪೀತಮ್‌ಪುರದ ಮಾರ್ಕೆಟ್ಟಿನಲ್ಲಿ ಅವರ ಇಡ್ಲಿ ದೋಸೆಯ ಹೋಟೆಲು. ಹೆಂಡತಿ ಪ್ರಫುಲ್ಲಾ ಶಾರದಾ ಅವರಿಗೆ ಇಪ್ಪತ್ತು ವರ್ಷದ ಗೆಳತಿ. ಹುಡುಗಿ ತಾನೇ ಶಾರದಾ ಅವರ ಮನೆಗೆ ಬಂದಳು. ಆ ಹೊತ್ತಿಗೆ ನಾನು ಅಲ್ಲಿ ಕಾಫಿ ಕುಡಿಯುತ್ತಿದ್ದೆ.

"ಆಂಟಿ, ಧಾರೆ ಫೋಟೋ ನಂಗೆ ಕ್ಲೋಸ್ ಬೇಕು. ದೂರ್ ಸೆ ನಹೀ. ನೀವು ಹತ್ತಿರ ಬಂದೇ ತೆಗೀಬೇಕು, ಪ್ರಾಮಿಸ್?" ಎಂದಳು.

ತಂದೆ ತಾಯಿ ಗಿಂಡಿಯಲ್ಲಿ ನೀರೆರೆದು ಮಗಳನ್ನು ಒಪ್ಪಿಸಿಕೊಡುವ ಧಾರೆಯ ಗಳಿಗೆಯಲ್ಲಿ ಶಾರದಾ ಯಾವ ಮದುವೆಯಲ್ಲೂ ಮುಂದೆ ನಿಂತಿರಲಿಲ್ಲ. ಆದರೂ, "ಆಯ್ತು ಪುಟ್ಟಾ, ಹತ್ತಿರದಿಂದಾನೇ ತೆಗೀತೀನಿ" ಎಂದರು.

ಹುಡುಗಿ ಹೋದ ಮೇಲೆ ಕ್ಯಾಮೆರಾದ ಮಾತು ಬಂತು. ಮದುವೆಯ ಹಾಲ್ ನೆಲಮಾಳಿಗೆಯಲ್ಲಿ, ಒಂದು ಕಿಟಕಿಯೂ ಇಲ್ಲ. ಹಿಂದೊಂದು ಮದುವೆಯಲ್ಲಿ ಅಂಥದ್ದೇ ಮಂದ ಬೆಳಕಿಗೆ ಶಾರದಾ ಅವರ ಫೋಟೋಗಳ ಮೇಲೆಲ್ಲ ರವೆ ಚೆಲ್ಲಿದ ಹಾಗಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು, ಭಾಷಣ ಶುರು ಮಾಡಿದೆ. ಫುಲ್‌ಫ್ರೇಮಿನ ಸೆನ್ಸರ್ ದೊಡ್ಡದು, ಕತ್ತಲಲ್ಲೂ ಬೆಳಕು ಹೀರುತ್ತದೆ, ಮುಖದ ಬಣ್ಣ ಮುಖದ ಬಣ್ಣದ ಹಾಗೇ ಬರುತ್ತದೆ, ಕ್ರಾಪ್ ಕಟ್ಟಿಕೊಂಡು ಎಷ್ಟು ದಿನ ಒದ್ದಾಡುತ್ತೀರಿ ಎಂದೆಲ್ಲ ಹೇಳಿದೆ. ನನ್ನ ಬಳಿ ಒಂದು ಫುಲ್‌ಫ್ರೇಮ್ ಇದೆ. ವರ್ಷಕ್ಕೆರಡು ಸಲ ಕಪಾಟಿನಿಂದ ತೆಗೆದು ಧೂಳು ಒರೆಸುತ್ತೇನೆ. ಕೆಲಸಕ್ಕೆ ಬಾರದವನಿಗೆ ಮಾತು ಜಾಸ್ತಿ.

ಶನಿವಾರ ಇಬ್ಬರೂ ಚಾಂದನಿ ಚೌಕದ ಫೋಟೋ ಮಾರ್ಕೆಟ್ಟಿಗೆ ಹೋದೆವು. ಹಳೆಯ ಕ್ಯಾಮೆರಾಗಳನ್ನು ಮಾರುವ ಅಂಗಡಿ. ಶಾರದಾ ಒಂದು ಸೆಕೆಂಡ್ ಹ್ಯಾಂಡ್ ಫುಲ್‌ಫ್ರೇಮ್ ಆರಿಸಿ, ಜೊತೆಗೊಂದು ಗಿಡ್ಡ ಲೆನ್ಸು ತೆಗೆದುಕೊಂಡರು. ಬದಲಿಗೆ ತಮ್ಮ ಹಳೆಯ ಕ್ಯಾಮೆರಾದ ಜೊತೆ ಆ ಉದ್ದ ಲೆನ್ಸನ್ನೂ ಕೌಂಟರಿನ ಮೇಲಿಟ್ಟುಬಿಟ್ಟರು.

"ಲೆನ್ಸ್ ಯಾಕೆ ಕೊಡ್ತೀರಿ? ಅದು ಇದಕ್ಕೂ ಕೂರುತ್ತೆ. ಇಟ್ಕೊಂಡಿರಿ" ಎಂದೆ.

"ಬೇಡ ಸರ್."

ಈ ಗಿಡ್ಡ ಲೆನ್ಸಿಗೆ ಹತ್ತಿರ ಹೋಗಿ, ನಾಲ್ಕೇ ಹೆಜ್ಜೆ ದೂರದಿಂದ ತೆಗೆಯಬೇಕಾಗುತ್ತದೆ ಎಂದು ಅಂಗಡಿಯವನೂ ಎಚ್ಚರಿಸಿದ. "ಮ್ಯಾಡಮ್, ಇಸ್ ಛೋಟೇ ಲೆನ್ಸ್ ಸೆ ತೋ ಪಾಸ್ ಜಾನಾ ಪಡೇಗಾ. ಚಾರ್ ಕದಮ್ ಕೀ ದೂರೀ ಸೆ ಲೇನಾ."

"ಪತಾ ಹೈ, ಭಯ್ಯಾ", ಗೊತ್ತಿದೆ ಎಂದು ಶಾರದಾ ಹೊಸ ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡರು. ಮೆಟ್ರೋದಲ್ಲಿ ದಾರಿಯುದ್ದಕ್ಕೂ ನಾನು ಗೆದ್ದವನ ಹಾಗೆ ಮೀಸೆ ತಿರುವುತ್ತಿದ್ದೆ.

ಮುಂದಿನ ಮೂರು ವಾರ ಅವರು ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊಟದ ವಿರಾಮದಲ್ಲಿ ಆಫೀಸಿನವರನ್ನು ಕೂರಿಸಿಕೊಂಡು ನಾಲ್ಕು ಹೆಜ್ಜೆ ದೂರದಿಂದ ತೆಗೆಯುವುದು. ಜನರ ಹತ್ತಿರ ಹೋಗುವ ಅಭ್ಯಾಸವೇ ಇಲ್ಲದವರು, ಮೊದಮೊದಲು ಅರಿವಿಲ್ಲದೆ ಹಿಂದೆ ಹಿಂದೆ ಸರಿಯುತ್ತಿದ್ದರು. "ಇಷ್ಟು ಹತ್ತಿರದಿಂದ ನೋಡಿದರೆ ಅವರೂ ನಮ್ಮನ್ನ ನೋಡ್ತಾರಲ್ಲ ಸರ್" ಎಂದು ಒಂದು ದಿನ ನಕ್ಕರು. ಮೂರನೆಯ ವಾರಕ್ಕೆ ನಾಲ್ಕು ಹೆಜ್ಜೆಯಲ್ಲೇ ನಿಂತು ತೆಗೆಯತೊಡಗಿದರು.

ಮದುವೆಯ ದಿನ ಊರಿಗೆಲ್ಲ ಮಂಜು ಕವಿದಿತ್ತು. ಶಾರದಾ ನೀಲಿ ರೇಷ್ಮೆ ಸೀರೆಯುಟ್ಟು ಬಂದಿದ್ದರು. ಬೆಳಗಿನಿಂದ ಊಟದ ಮನೆ, ಹುಡುಗಿಯ ಅಲಂಕಾರ, ನೆಂಟರ ಗುಂಪು ಎಲ್ಲವನ್ನೂ ತೆಗೆದರು. ಧಾರೆಗೆ ಕರೆ ಬಂದಾಗ ಕೊನೆಯ ಸಾಲಿನಿಂದ ನಡುವಿನ ದಾರಿಯಲ್ಲಿ ನಡೆದು ಮುಂದೆ ಬಂದರು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಅವರು ನನ್ನನ್ನು ದಾಟಿ ಮಂಟಪದ ಮೆಟ್ಟಿಲ ಬಳಿ ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದರು. ರಶ್ಮಿತಾ ಅವರನ್ನು ನೋಡಿ ಮುಖವರಳಿಸಿದಳು.

ಪ್ರಫುಲ್ಲಾ ಗಂಡನ ಪಕ್ಕ ನಿಂತಿದ್ದವರು ದಡಬಡ ಇಳಿದು ಬಂದರು. ಶಾರದಾ ಅವರ ಮೊಣಕೈ ಹಿಡಿದು, "ಶಾರದಕ್ಕಾ, ಐದೇ ಐದು ನಿಮಿಷ ಹಿಂದೆ ಇರಿ. ತಪ್ಪು ತಿಳ್ಕೋಬೇಡಿ. ಊರಿಂದ ಅತ್ತೆ ಬಂದಿದ್ದಾರೆ, ನೋಡಿದ್ರೆ ಏನಂತಾರೋ. ನನಗಂತೂ ಇದೆಲ್ಲ ಏನೂ ಇಲ್ಲ, ನಿಮಗೇ ಗೊತ್ತಲ್ಲ" ಎಂದು ಪಿಸುಗುಟ್ಟಿದರು. ಅತ್ತೆ ಅನ್ನಿಸಿಕೊಂಡ ಮುದುಕಿ ಆಚೆ ಕುರ್ಚಿಯಲ್ಲಿ ಶಾಲು ಹೊದ್ದು ತೂಕಡಿಸುತ್ತಿದ್ದರು.

ಶಾರದಾ ಅಲುಗಲಿಲ್ಲ. "ಹುಡುಗಿಗೆ ಮಾತು ಕೊಟ್ಟಿದೀನಿ, ಪ್ರಫುಲ್ಲಾ" ಎಂದರು.

"ಫೋಟೋ ತಪ್ಪೋದಿಲ್ಲ ಅಕ್ಕಾ. ಮೂರ್ತಿಯವರೇ, ನಿಮಗೂ ಬರುತ್ತಲ್ಲ? ಇದೊಂದು ಸ್ವಲ್ಪ ನೀವೇ ತೆಗೆದುಕೊಡಿ. ಬೇಗ, ಬೇಗ."

ಪುರೋಹಿತರು ಗಿಂಡಿ ಎತ್ತಿಕೊಡುತ್ತಿದ್ದರು. ಶಾರದಾ ನನ್ನ ಕಡೆ ನೋಡಿದರು. ಪ್ರತಿ ಮಹಿಳಾ ದಿನದಂದು ಸಂಘದ ವೇದಿಕೆಯಲ್ಲಿ ಅರ್ಧ ಗಂಟೆ ಸಮಾನತೆಯ ಬಗ್ಗೆ ಮಾತಾಡುವವನು ನಾನು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಎದ್ದು ನಿಂತು ಕೈ ಚಾಚಿದೆ. ಅವರು ಕೊರಳಿನಿಂದ ಪಟ್ಟಿ ತೆಗೆದು ಕ್ಯಾಮೆರಾವನ್ನು ನನ್ನ ಕೈಗಿಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದುಹೋದರು.

ಫೋಟೋ ಚೆನ್ನಾಗಿ ಬಂತು. ಅವರು ಎಲ್ಲವನ್ನೂ ಹದಮಾಡಿ ಇಟ್ಟಿದ್ದರು, ನಾನು ಗುಂಡಿ ಒತ್ತಿದ್ದಷ್ಟೇ. ನೀರಿನ ಹನಿ ಹನಿಯೂ ಕಾಣುತ್ತದೆ. ರಶ್ಮಿತಾ ಮಾತ್ರ ಯಾವುದರಲ್ಲೂ ಕ್ಯಾಮೆರಾ ನೋಡಿಲ್ಲ. ಒಂದರಲ್ಲಿ ಕತ್ತೆತ್ತಿದ್ದಾಳೆ, ಆ ಕಣ್ಣು ನನ್ನ ಹೆಗಲಾಚೆ ಯಾರನ್ನೋ ಹುಡುಕುತ್ತಿದೆ. ಪ್ರಫುಲ್ಲಾ ಫೋನ್ ಮಾಡಿ, "ಏನೇ ಹೇಳಿ, ಫುಲ್‌ಫ್ರೇಮ್ ಅಂದ್ರೆ ಫುಲ್‌ಫ್ರೇಮೇ ಮೂರ್ತಿಯವರೇ" ಎಂದರು. ನನಗೆ ನಾಚಿಕೆಯಾಯಿತು, ಆದರೂ ಥ್ಯಾಂಕ್ಸ್ ಎಂದೆ.

ಆಫೀಸಿನಲ್ಲಿ ಶಾರದಾ ಎಂದಿನಂತೆ ಕಡತ ತಂದಿಟ್ಟು ಹೋಗುತ್ತಿದ್ದರು. ಒಂದು ವಾರ ತಡೆದುಕೊಂಡೆ. ಆಮೇಲೆ ಕ್ಷಮೆ ಕೇಳೋಣವೆಂದು ಅವರ ಮನೆಗೆ ಹೋದೆ. ಕೂತವನ ಬಾಯಿಂದ ಬಂದದ್ದು ಮಾತ್ರ ಬೇರೆ.

"ಆ ಉದ್ದ ಲೆನ್ಸ್ ಇಟ್ಕೊಂಡಿದ್ರೆ ಹಿಂದಿನಿಂದಾನೇ ತೆಗೀಬಹುದಿತ್ತು. ನಾನು ಅವತ್ತೇ ಹೇಳಿದ್ದೆ."

ಶಾರದಾ ಕಾಫಿಯ ಲೋಟವನ್ನು ನನ್ನ ಮುಂದಿಟ್ಟು ಎದುರಿಗೆ ಕೂತರು.

"ಇಟ್ಕೊಂಡಿದ್ರೆ ಹಿಂದೇನೇ ನಿಲ್ತಿದ್ದೆ ಸರ್. ನನ್ನ ಧೈರ್ಯ ಎಷ್ಟು ಅಂತ ನನಗೆ ಗೊತ್ತು. ಅದಕ್ಕೇ ಕೊಟ್ಟುಬಿಟ್ಟೆ. ನೀವು ಹೇಳಿದ ಸೆನ್ಸರು, ಬೆಳಕು, ಅದೆಲ್ಲ ನಿಜವೇ. ಆದರೆ ನಾನು ತಗೊಂಡದ್ದು ಅದಕ್ಕಲ್ಲ. ಹತ್ತಿರ ಹೋಗದೆ ಬೇರೆ ದಾರಿಯೇ ಇರಬಾರದು ಅಂತ."

"ಪ್ರಫುಲ್ಲಾ ಹಾಗೆ ಮಾಡ್ತಾರೆ ಅಂತ ನಾನು..."

"ಪ್ರಫುಲ್ಲಾ ಹೆದರಿದ್ದಳು. ಒಬ್ಬಳೇ ಮಗಳು, ಹೆದರ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ." ಅವರ ದನಿ ಏರಲಿಲ್ಲ. "ಇಡೀ ಹಾಲ್‌ನಲ್ಲಿ ಆ ಕ್ಯಾಮೆರಾ ಹಿಡಿಯೋಕೆ ಬರ್ತಿದ್ದದ್ದು ನಮ್ಮಿಬ್ಬರಿಗೇ ಸರ್. ನೀವು ಕೂತಲ್ಲೇ ಕೂತು, ನನಗೆ ಬರೋದಿಲ್ಲಮ್ಮ ಅಂತ ಒಂದು ಸುಳ್ಳು ಹೇಳಿದ್ರೆ ಸಾಕಿತ್ತು. ಫೋಟೋ ಬೇಕು ಅಂದ್ರೆ ಅವಳೇ ನನ್ನ ಕೈಹಿಡಿದು ಮುಂದೆ ನಿಲ್ಲಿಸ್ತಿದ್ದಳು."