ಅಂಟಕ್ಕ ಸುಡದೆ ಉಳಿಸಿದ ತೊಂಬತ್ತಾರು ಹಾಳೆ

ಬೆಳಿಗ್ಗೆ ಆರೂಕಾಲು. ಜನನ ಮರಣ ದಾಖಲೆ ಕಚೇರಿಯ ಹಿಂಬಾಗಿಲಿನ ಬೀಗ ತೆರೆದು ಒಳಗೆ ಬರುವ ಅಂಟಕ್ಕ ಮೊದಲು ಮಾಡುವ ಕೆಲಸವೆಂದರೆ ಫ್ಯಾನಿನ ಸ್ವಿಚ್ಚಿನ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸುವುದು. ‘ಹತ್ತರವರೆಗೆ ಮುಟ್ಟಬೇಡಿ’ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಹೊಲಿಗೆ ಬಿಚ್ಚಿದ ಪುಸ್ತಕವೊಂದರ ಬಿಡಿ ಹಾಳೆಗಳು ಸಾಲಾಗಿ ಮಲಗಿವೆ. ಒಂದು ಸಲ ಗಾಳಿ ಬೀಸಿದರೆ ಸಾಕು, ಎಂಬತ್ತು ವರ್ಷದ ಹಿಂದಿನ ಮಾರ್ಚ್ ತಿಂಗಳು ಏಪ್ರಿಲ್‌ನೊಳಗೆ ಹೊಕ್ಕು ಕೂತುಬಿಡುತ್ತದೆ.

‘ಒಂದು ದಿನ ಯಾರೋ ಮಹಾನುಭಾವರು ಬಂದವರೇ ಫ್ಯಾನ್ ಹಾಕಿದ್ರು. ಸತ್ತವರೆಲ್ಲ ಎದ್ದು ಓಡಾಡಿದ ಹಾಗಾಯ್ತು ನೋಡಿ. ಅವರನ್ನ ಹಿಡಿದು ಮತ್ತೆ ಸಾಲಾಗಿ ಕೂರಿಸೋಕೆ ನನಗೆ ನಾಲ್ಕು ದಿನ ಹಿಡೀತು’ ಎನ್ನುತ್ತಾ ಅಂಟಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಈಕೆ ಕಚೇರಿಯ ಬೈಂಡರ್; ಸದಾ ಅಂಟು ಕಾಯಿಸುವುದರಿಂದ ಎಲ್ಲರ ಬಾಯಲ್ಲಿ ‘ಅಂಟಕ್ಕ’. ವಯಸ್ಸು ಐವತ್ತೈದು. ಹರಿದ ಅಂಚಿಗೆ ತೆಳುಕಾಗದದ ತೇಪೆ ಹಾಕುವುದು, ಬಿಚ್ಚಿಹೋದ ಪುಸ್ತಕಗಳನ್ನು ಹೊಲಿಯುವುದು, ರಟ್ಟು ಕಟ್ಟುವುದು ಇವರ ಕೆಲಸ. ಮೂಲೆಯ ಸ್ಟೌವಿನ ಮೇಲೆ ಪುಟ್ಟ ಪಾತ್ರೆಯಲ್ಲಿ ಮೈದಾ ಅಂಟು ಸಣ್ಣಗೆ ಕುದಿಯುತ್ತಿರುತ್ತದೆ. ಹುಳು ಬರದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ಮೇಜಿನ ತುದಿಯಲ್ಲಿ ಕಚೇರಿ ಕೊಡಿಸಿದ ಬಿಳಿ ಗೋಂದಿನ ದೊಡ್ಡ ಬಾಟಲಿಯಿದೆ. ಮುಚ್ಚಳ ಇನ್ನೂ ತೆರೆದಿಲ್ಲ. ಕಾಗದ ಹಾರದಂತೆ ಇಡುವ ಭಾರವಾಗಿ ಅದು ಸೇವೆ ಸಲ್ಲಿಸುತ್ತಿದೆ. ಹಾಳೆ ಎಬ್ಬಿಸುವ ಚೂರಿಯನ್ನು ಅಂಟಕ್ಕ ತಾವೇ ಮಾಡಿಕೊಂಡಿದ್ದಾರೆ: ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕಲ್ಲಿಗೆ ತಿಕ್ಕಿ ತೆಳುವಾಗಿಸಿದ್ದು.

ಮೊದಲು ಈ ಕೆಲಸ ಇವರ ಮಾವನದು. ಇಪ್ಪತ್ಮೂರಕ್ಕೆ ಸೊಸೆಯಾಗಿ ಬಂದ ಇವರನ್ನು ಮಾವ ಮರುವರ್ಷವೇ ಮೇಜಿನ ಎದುರು ಕೂರಿಸಿ ಸೂಜಿ ಕೊಟ್ಟರು. ಅಂದಿನಿಂದ ಮೂವತ್ತೊಂದು ವರ್ಷ. ದಿನಕ್ಕೆ ಸುಮಾರು ನಲವತ್ತು ಹಾಳೆ, ವಾರಕ್ಕೆ ಒಂದೂವರೆ ಪುಸ್ತಕ. ಇಲ್ಲಿಯವರೆಗೆ ಇವರ ಕೈಯಲ್ಲಿ ಎರಡು ಸಾವಿರದ ಮುನ್ನೂರು ಪುಸ್ತಕಗಳು ಎದ್ದು ನಿಂತಿವೆ. ನೌಕರಿ ಮಾತ್ರ ಇಂದಿಗೂ ತಾತ್ಕಾಲಿಕ. ಪ್ರತಿವರ್ಷ ಹೊಸ ಆದೇಶ ಬರಬೇಕು.

ಹತ್ತು ಗಂಟೆಗೆ ಮುಂದಿನ ಕೌಂಟರ್ ತೆರೆಯುತ್ತದೆ. ಪ್ರಮಾಣಪತ್ರ ಕೇಳುವವರ ನಡುವೆ ಈಚೆಗೆ ಬೇರೊಂದು ಬಗೆಯ ಜನವೂ ಸಾಲಿನಲ್ಲಿ ನಿಲ್ಲುತ್ತಾರೆ. ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆ, ಅದರ ತುಂಬ ಗೆರೆಗಳು, ಚೌಕಗಳು. ವಂಶವೃಕ್ಷ ಬರೆಯುವವರು. ಮುತ್ತಜ್ಜನ ಅಪ್ಪ ಯಾರು, ಅಜ್ಜನ ಎರಡನೇ ತಂಗಿ ಏನಾದಳು ಎಂದು ಹುಡುಕಿಕೊಂಡು ಬರುವವರು. ಗುಮಾಸ್ತರು ಪುಸ್ತಕ ತೆಗೆದು ತೋರಿಸುತ್ತಾರೆ, ಬಂದವರು ಕಣ್ಣೊರೆಸಿಕೊಂಡು ಅವರ ಕೈ ಕುಲುಕಿ ಹೋಗುತ್ತಾರೆ. ಆ ಪುಟ ಇನ್ನೂ ಪುಟವಾಗಿ ಉಳಿದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಅಂಟಕ್ಕನಿಗೆ ಅದರ ಬಗ್ಗೆ ಬೇಸರವೇನಿಲ್ಲ. ‘ಹೊಲಿಗೆ ಕಣ್ಣಿಗೆ ಬಿತ್ತು ಅಂದ್ರೆ ಅದು ಕೆಟ್ಟ ಹೊಲಿಗೆ’ ಎನ್ನುತ್ತಾರೆ.

ಹೋದ ವರ್ಷ ಹೀಗೆ ಬಂದವರಲ್ಲಿ ಒಬ್ಬರು ನಿವೃತ್ತ ನರ್ಸ್. ಅವರ ಹಾಳೆಯಲ್ಲಿ ಒಂದೇ ಒಂದು ಚೌಕ ಖಾಲಿ: ತಾಯಿಯ ತಾಯಿಯದು. ತಾಯಿಗೆ ಈಗ ತೊಂಬತ್ತೊಂದು. ಎಳೆಗೂಸಾಗಿದ್ದಾಗಲೇ ಸೋದರತ್ತೆಯ ಮನೆ ಸೇರಿದ ಆಕೆಗೆ ಅಪ್ಪನ ಹೆಸರು, ಹುಟ್ಟಿದ ಬೀದಿ, ವರ್ಷ ಗೊತ್ತು. ಹೆತ್ತವಳ ಹೆಸರು ಗೊತ್ತಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಉಚ್ಚರಿಸಲಿಲ್ಲ. ಸಿಟ್ಟು ಬಂದಾಗ ಅತ್ತೆ ಹೇಳುತ್ತಿದ್ದದ್ದು ಒಂದೇ ಮಾತು: ‘ಹುಟ್ಟುತ್ತಲೇ ತಾಯಿಯನ್ನ ತಿಂದುಕೊಂಡವಳು.’ ಆ ಮಾತನ್ನು ಹೊತ್ತುಕೊಂಡೇ ಆಕೆ ತೊಂಬತ್ತು ದಾಟಿದ್ದರು.

ನರ್ಸ್ ಐದು ಸಲ ಬಂದರು. ಐದು ಸಲವೂ ಗುಮಾಸ್ತರದು ಒಂದೇ ಉತ್ತರ. ಆ ವರ್ಷದ ಜನನ ಪುಸ್ತಕದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗಿನ ತೊಂಬತ್ತಾರು ಹಾಳೆಗಳಿಲ್ಲ. ಮೂವತ್ತೊಂದು ವರ್ಷದ ಹಿಂದೆ ಸೂರು ಸೋರಿ ನೆನೆದವು, ‘ನಿರುಪಯುಕ್ತ’ ಎಂದು ತೀರ್ಮಾನವಾಗಿ ಸುಟ್ಟರು.

ಐದನೇ ಸಲ ನರ್ಸ್ ಹಾಳೆ ಸುತ್ತಿಕೊಂಡು ಹೊರಟರು. ‘ಅಮ್ಮನಿಗೆ ಏನಂತ ಹೇಳಲಿ? ಅವಳು ದಿನಾ ಕೇಳ್ತಾಳೆ’ ಎಂದರಷ್ಟೇ. ಹಿಂದಿನ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅಂಟಕ್ಕನಿಗೆ ಆ ಮಾತು ಕೇಳಿಸಿತು. ದಾರ ಪೋಣಿಸಲು ಆ ದಿನ ಆಗಲೇ ಇಲ್ಲವಂತೆ.

ಮರುದಿನ ಅವರು ಅಧಿಕಾರಿಯ ಮೇಜಿನ ಮುಂದೆ ನಿಂತರು.

‘ಸಾರ್, ಆ ಹಾಳೆಗಳು ಸುಟ್ಟಿಲ್ಲ.’

ಅಧಿಕಾರಿ ಹಳೆಯ ಕಡತ ತರಿಸಿದರು. ‘ಇಲ್ಲಿ ನೋಡಿ, ಸುಡಲಾಗಿದೆ ಅಂತ ಬರೆದಿದೆ. ನಿಮ್ಮ ಮಾವನವರದೇ ಸಹಿ.’

‘ಸಹಿ ಅವರದು, ಕೈ ನಂದು. ಸುಟ್ಟು ಬಾರಮ್ಮ ಅಂತ ನನ್ನ ಕೈಗೆ ಕೊಟ್ರು. ನಾನು ಸುಡಲಿಲ್ಲ.’

‘ಮತ್ತೇನು ಮಾಡಿದ್ರಿ?’

‘ರಟ್ಟು ಮಾಡಿದೆ.’

ಆ ವರ್ಷ ರಟ್ಟಿನ ಸರಬರಾಜು ನಿಂತಿತ್ತು. ರದ್ದಿ ಕಾಗದವನ್ನು ನೀರು ಕಡಿಮೆಯಿರುವ ಗಟ್ಟಿ ಅಂಟಿನಿಂದ ಪದರ ಪದರವಾಗಿ ಅಂಟಿಸಿ, ಭಾರ ಹೇರಿ ಒಣಗಿಸಿ, ಮೇಲೆ ಬಟ್ಟೆ ಹೊದಿಸಿದರೆ ಗಟ್ಟಿ ರಟ್ಟಾಗುತ್ತದೆ. ಮಾವ ಕಲಿಸಿದ ವಿದ್ಯೆಯೇ. ‘ಅಂಚು ನೆನೆದಿತ್ತು ಅಷ್ಟೇ. ಅಂಥ ದಪ್ಪ ಕಾಗದ ಬೆಂಕಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಆಗ ನಾನು ಹಾಳೇಲಿ ಬರೆದಿದ್ದನ್ನ ಓದ್ತಾ ಇರಲಿಲ್ಲ, ಅದರ ದಪ್ಪ ನೋಡ್ತಿದ್ದೆ’ ಎಂದು ಅಂಟಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದರೆ, ಅದಕ್ಕೂ ನೇರ ಉತ್ತರವಿದೆ: ‘ಮೊದಮೊದಲು ಮಾವ ಬೈತಾರೆ ಅಂತ. ಅವರು ಹೋದಮೇಲೆ ಕೆಲಸ ಹೋಗುತ್ತೆ ಅಂತ.’

ಈಗಲೂ ಆ ಭಯಕ್ಕೆ ಕಾರಣವಿತ್ತು. ಅಧಿಕಾರಿ ಎಲ್ಲವನ್ನೂ ಬರಹದಲ್ಲಿ ಕೇಳಿದರು. ಗುಮಾಸ್ತರು ತಲೆ ಚಚ್ಚಿಕೊಂಡರು. ‘ಬೇಕಿತ್ತಾ ಅಂಟಕ್ಕ ನಿಮಗೆ ಈ ಉಸಾಬರಿ? ಇನ್ನು ಎರಡು ತಿಂಗಳಿಗೆ ನಿಮ್ಮ ಆದೇಶ ಮುಗಿಯುತ್ತೆ. ಇದೇ ಕಾಗದ ಇಟ್ಟುಕೊಂಡು ಮನೆಗೆ ಕಳಿಸಿದ್ರೆ?’

‘ಕಳಿಸಲಿ. ಅಷ್ಟರಲ್ಲಿ ಇಪ್ಪತ್ನಾಲ್ಕು ರಟ್ಟು ಬಿಚ್ಚಿರ್ತೀನಿ’ ಎಂದು ಅಂಟಕ್ಕ ನಾಲ್ಕು ಸಾಲು ಬರೆದು ಸಹಿ ಮಾಡಿದರು.

ಇಪ್ಪತ್ನಾಲ್ಕು ಏಕೆಂದರೆ, ಆ ಹಾಳೆಗಳು ಹನ್ನೆರಡು ಪುಸ್ತಕಗಳ ರಟ್ಟಿನೊಳಗೆ ಹೋಗಿದ್ದವು; ಪುಸ್ತಕಕ್ಕೆ ಎರಡು ರಟ್ಟು, ಒಂದು ರಟ್ಟಿಗೆ ನಾಲ್ಕು ಹಾಳೆ. ಕಪಾಟುಗಳ ಸಾವಿರಾರು ಪುಸ್ತಕಗಳಲ್ಲಿ ಆ ಹನ್ನೆರಡನ್ನು ಪತ್ತೆ ಮಾಡಿದ್ದು ಗಂಟಿನಿಂದ. ಮಾವ ಹೊಲಿಗೆಯ ಕೊನೆಗೆ ಎರಡು ಸುತ್ತಿನ ಗಂಟು ಹಾಕುತ್ತಿದ್ದರು. ಹೊಸಬಳಾದ ಸೊಸೆ ಬಿಚ್ಚಿಹೋದೀತೆಂಬ ಹೆದರಿಕೆಯಿಂದ ಮೂರು ಸುತ್ತು ಹಾಕುತ್ತಿದ್ದಳು. ‘ದಾರ ದಂಡ ಅಂತ ಬೈಸಿಕೊಂಡು ಆಮೇಲೆ ನಾನೂ ಎರಡಕ್ಕೆ ಇಳಿದೆ. ಮೂರು ಸುತ್ತಿನವು ಮೊದಲ ವರ್ಷದ ಆ ಹನ್ನೆರಡು ಮಾತ್ರ.’

ಅಧಿಕಾರಿ ಮೊದಲು ಒಂದೇ ಪುಸ್ತಕದ ಎರಡು ರಟ್ಟು ಬಿಚ್ಚಲು ಒಪ್ಪಿದರು. ಮೈದಾ ಅಂಟಿನ ಗುಣವೆಂದರೆ ಎಷ್ಟು ವರ್ಷವಾದರೂ ತೇವ ತಾಗಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಆದರೆ ಅದೇ ತೇವ ಹಾಳೆಯ ಮೇಲಿನ ಶಾಯಿಗೂ ತಾಗುತ್ತದೆ. ಕಪ್ಪು ಬರವಣಿಗೆ ತಡೆದುಕೊಳ್ಳುತ್ತದೆ. ಹೆಬ್ಬೆಟ್ಟು ಒತ್ತಿಸುತ್ತಿದ್ದ ನೇರಳೆ ಶಾಯಿ ತಡೆಯುವುದಿಲ್ಲ. ಅಂಟಕ್ಕ ಉಣ್ಣೆಯ ಬಟ್ಟೆಯನ್ನು ಒದ್ದೆ ಮಾಡಿ ಮೊದಲ ರಟ್ಟಿನ ಮೇಲೆ ಹೊದಿಸಿ, ಮರುದಿನ ಬೆಳಿಗ್ಗೆ ಪದರ ಎಬ್ಬಿಸಿದರು. ಹಾಳೆ ಇಡಿಯಾಗಿ ಬಂತು. ಆದರೆ ಅದರ ಒಂದು ಸಾಲಿನಲ್ಲಿ ಯಾರದೋ ಹೆಬ್ಬೆಟ್ಟು ಕದಡಿ ನೇರಳೆ ಮೋಡವಾಗಿಹೋಗಿತ್ತು. ಬಟ್ಟೆಯಲ್ಲಿ ನೀರು ಹೆಚ್ಚಾಗಿತ್ತು.

‘ಎಷ್ಟೋ ವರ್ಷ ಉಳಿದುಕೊಂಡಿದ್ದು ನನ್ನ ಒಂದು ದಿನದ ಆತುರಕ್ಕೆ ಹೋಯ್ತು’ ಎನ್ನುವಾಗ ಅವರ ದನಿ ಇಳಿಯುತ್ತದೆ. ಆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘ಈ ಕಲೆ ಬೈಂಡರ್‌ನಿಂದ ಆದದ್ದು’ ಎಂದು ಬರೆದಿಟ್ಟಿದ್ದಾರೆ. ಮುಂದಿನ ರಟ್ಟಿನಿಂದ ಬಟ್ಟೆಯನ್ನು ಎರಡೆರಡು ಸಲ ಹಿಂಡಿದರು. ಒಂದು ದಿನ ಕಾಯುವ ಕಡೆ ಎರಡು ದಿನ ಕಾದರು. ಮತ್ತೊಂದು ಹೆಬ್ಬೆಟ್ಟೂ ಕದಡಲಿಲ್ಲ. ಅದನ್ನು ನೋಡಿದ ಅಧಿಕಾರಿ ಉಳಿದವಕ್ಕೂ ಒಪ್ಪಿಗೆ ಕೊಟ್ಟರು.

ಪ್ರತಿ ಶನಿವಾರ ನರ್ಸ್ ಬಂದು ಹಿಂದಿನ ಕೋಣೆಯ ಮುಕ್ಕಾಲಿಯ ಮೇಲೆ ಕೂರುತ್ತಿದ್ದರು. ‘ಆಪರೇಷನ್ ಕೋಣೆಯ ಹೊರಗೆ ಎಷ್ಟು ಜನಕ್ಕೆ ಸಮಾಧಾನ ಹೇಳಿದ್ದೀನಿ. ಕೂತು ಕಾಯೋದು ಇಷ್ಟು ಕಷ್ಟ ಅಂತ ಈಗ ಗೊತ್ತಾಯ್ತು’ ಎಂದರು ಒಮ್ಮೆ.

‘ಬಿಡಕ್ಕ, ಇಲ್ಲಿ ಪೇಷೆಂಟ್ ಓಡಿಹೋಗಲ್ಲ’ ಎಂದರು ಅಂಟಕ್ಕ.

ಹತ್ತೊಂಬತ್ತನೇ ರಟ್ಟಿನ ಮೂರನೇ ಹಾಳೆಯಲ್ಲಿ ಅದು ಸಿಕ್ಕಿತು. ತಂದೆಯ ಹೆಸರು, ಬೀದಿ, ಹೆಣ್ಣು ಮಗು. ಪಕ್ಕದ ಅಂಕಣದಲ್ಲಿ ತಾಯಿಯ ಹೆಸರು, ವಯಸ್ಸು ಹದಿನೆಂಟು. ‘ಮೊದಲ ಸಲ ಹೆಸರು ಓದಿದೆ. ಎರಡನೇ ಸಲ ತಾರೀಖು ಓದಿದೆ. ಮೂರನೇ ಸಲ ಓದೋಕೆ ಕನ್ನಡಕ ಒರೆಸಿಕೊಳ್ಳಬೇಕಾಯ್ತು.’

ತಾರೀಖಿನಲ್ಲಿ ಇದ್ದದ್ದು ಇದು: ಹುಟ್ಟನ್ನು ಬರೆಸಿದ್ದು ಮಗು ಹುಟ್ಟಿದ ಇಪ್ಪತ್ತಾರನೇ ದಿನ. ಕೊನೆಯ ಅಂಕಣದಲ್ಲಿ ಅಂದಿನ ಗುಮಾಸ್ತರ ಒಂದು ಸಾಲು, ‘ತಾಯಿಯೇ ಬಂದು ತಿಳಿಸಿದ್ದು.’ ಅದರ ಕೆಳಗೆ ಮಸುಕಾದರೂ ಗೆರೆ ಗೆರೆ ಎಣಿಸಬಹುದಾದ ನೇರಳೆ ಹೆಬ್ಬೆಟ್ಟು.

ಹುಟ್ಟುತ್ತಲೇ ತಾಯಿಯನ್ನು ತಿಂದುಕೊಂಡಿರಲಿಲ್ಲ ಆ ಮಗು.

ಆಮೇಲೆ ಆ ಹದಿನೆಂಟರ ಹುಡುಗಿಗೆ ಏನಾಯಿತೋ ಇನ್ನೂ ತಿಳಿದಿಲ್ಲ. ಆ ವರ್ಷದ, ಮುಂದಿನ ವರ್ಷದ ಮರಣ ಪುಸ್ತಕಗಳಲ್ಲಿ ಅವಳ ಹೆಸರಿಲ್ಲ. ನರ್ಸ್ ಹುಡುಕುತ್ತಲೇ ಇದ್ದಾರೆ. ಹೆಸರನ್ನು ಪತ್ರಿಕೆಯಲ್ಲಿ ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಬಂಧುಬಳಗದವರಿಗೆಲ್ಲ ತಾನೇ ಫೋನ್ ಮಾಡಿ ಹೇಳಬೇಕೆಂದು ತಾಯಿಯ ಹಟ. ಪಟ್ಟಿ ಇನ್ನೂ ಅರ್ಧ ಮುಗಿದಿಲ್ಲವಂತೆ.

ಆ ತಾಯಿ ಕಚೇರಿಗೂ ಬಂದರು. ಹನ್ನೊಂದು ಮೆಟ್ಟಿಲನ್ನು ನಿಂತು ನಿಂತು ಹತ್ತಿದರು. ಅಂಟಕ್ಕ ಹಾಳೆಯ ಮೇಲೆ ಗಾಜಿನ ಫಲಕ ಇಟ್ಟರು. ಅಜ್ಜಿ ತಮ್ಮ ಹೆಬ್ಬೆರಳನ್ನು ಗಾಜಿನ ಮೇಲೆ, ಆ ಗುರುತಿಗೆ ಸರಿಯಾಗಿ ಇಟ್ಟು ಬಹಳ ಹೊತ್ತು ನೋಡಿದರು.

‘ನಂದೇ ದೊಡ್ಡದು’ ಎಂದರು. ಬೆರಳು ತೆಗೆಯದೆಯೇ, ‘ಪಾಪ, ಇನ್ನೂ ಹುಡುಗಿ. ಇಪ್ಪತ್ತಾರು ದಿನದ ಬಾಣಂತಿ ಇಷ್ಟು ಮೆಟ್ಟಿಲು ಹತ್ತಿದ್ದಾಳೆ ನನ್ನನ್ನ ಬರೆಸೋಕೆ’ ಎಂದರು.

ಅಂಟಕ್ಕನ ಆದೇಶ ಈ ವರ್ಷವೂ ಬಂದಿದೆ. ಹಳೆಯ ಕಡತದಲ್ಲಿ ‘ಸುಡಲಾಗಿದೆ’ ಎಂಬ ಮಾತಿನ ಪಕ್ಕದಲ್ಲಿ ಅಧಿಕಾರಿ ಕೆಂಪು ಶಾಯಿಯಲ್ಲಿ ‘ಸುಟ್ಟಿಲ್ಲ, ದೊರೆತಿದೆ’ ಎಂದು ಬರೆದಿದ್ದಾರೆ. ಅಲ್ಲಿ ಇನ್ನೊಂದು ಸಾಲು ಸೇರಿಸಬೇಕೆಂಬುದು ಅಂಟಕ್ಕನ ಆಸೆ. ‘ಮಾವನಿಗೆ ಇದು ಗೊತ್ತಿರಲಿಲ್ಲ ಅಂತ ಬರೀಬೇಕು. ನಾನು ಸುಟ್ಟಿದ್ದೀನಿ ಅಂತ ನಂಬಿಯೇ ಸಹಿ ಹಾಕಿದ್ರು. ಸುಳ್ಳು ಬರೆಯೋ ಮನುಷ್ಯ ಅಲ್ಲ ಅವರು.’ ಅರ್ಜಿ ಕೊಟ್ಟಿದ್ದಾರೆ, ಉತ್ತರ ಬರಬೇಕು.

ಗಂಟೆ ಒಂಬತ್ತೂಮುಕ್ಕಾಲು. ತೊಂಬತ್ತಾರು ಹಾಳೆಗಳ ಹೊಸ ಪುಸ್ತಕಕ್ಕೆ ಇವತ್ತು ರಟ್ಟು ಕಟ್ಟಬೇಕು. ಬೇಗ ಬಂದ ಗುಮಾಸ್ತರು ಬಾಗಿಲಲ್ಲಿ ನಿಂತು ಬಿಳಿ ಗೋಂದಿನ ಬಾಟಲಿಯತ್ತ ಕೈ ತೋರಿಸುತ್ತಾರೆ. ‘ಇನ್ನಾದ್ರೂ ಅದನ್ನ ಬಳಸಿ ಅಂಟಕ್ಕ. ನೂರು ವರ್ಷ ಅಲ್ಲಾಡಲ್ಲ.’

‘ಅದೇ ತೊಂದರೆ ಅದರದ್ದು’ ಎನ್ನುತ್ತಾರೆ ಅಂಟಕ್ಕ, ಪಾತ್ರೆಯ ಅಂಟನ್ನು ಕದಡುತ್ತಾ. ‘ಮೂವತ್ತೊಂದು ವರ್ಷ ಹಿಡ್ಕೊಂಡಿದ್ದು, ಬಿಡು ಅಂದಾಗ ಬಿಡ್ತಲ್ಲ, ಆ ಅಂಟು ನಾನು ಕಾಯಿಸಿದ್ದು.’